ಬೂದು ಬೆವರು, ಹಸಿರು ರಕ್ತ

ಪೆಟ್ಟಿಗೆಯ ಮೇಲೆ ನಗುವ ಗೊಂಬೆಯ ಚಿತ್ರವಿದ್ದರೆ ಒಳಗಿರುವುದು ಮಕ್ಕಳ ಸಾಮಾನೇ ಇರಬೇಕು ಎಂದು ನಂಬುವುದು ತಂದೆ-ತಾಯಂದಿರ ರೂಢಿ. ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಶಾಲೆಯ ಚೀಲದವರೆಗೆ ಈ ನಂಬಿಕೆಯ ಮೇಲೆಯೇ ವ್ಯಾಪಾರ ನಡೆಯುತ್ತದೆ. ನಂಬುವುದು ತಪ್ಪೇನಲ್ಲ. ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚಿ ನೋಡುವ ಪುರುಸೊತ್ತು ಯಾರಿಗಿದೆ? ಆದರೆ ವಿಡಿಯೋ ಗೇಮಿನ ವಿಷಯದಲ್ಲಿ ಈ ನಂಬಿಕೆ ಎಲ್ಲಿಯವರೆಗೆ ಸರಿ ಎಂಬುದನ್ನು ಒಮ್ಮೆ ನಿಂತು ಯೋಚಿಸಬೇಕಾಗಿದೆ.

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಂಥ ಊರಿನಲ್ಲಿ ವಿಡಿಯೋ ಗೇಮಿಗೇನು ಕೆಲಸ ಎಂದು ಕೇಳುವವರಿರಬಹುದು. ಕುಮುದ್ವತಿಗೆ ಕಟ್ಟಿದ ಜಲಾಶಯ, ಅದರ ಕೆಳಗಿನ ಗದ್ದೆ, ಅಡಿಕೆ ತೋಟ, ಮಳೆಗಾಲದಲ್ಲಿ ಕೋಡಿ ಬಿದ್ದ ನೀರು ನೋಡಲು ಬರುವ ಜನ. ಇಷ್ಟೇ ಊರೆಂದು ಹೊರಗಿನವರು ತಿಳಿಯುತ್ತಾರೆ. ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಮೊಮ್ಮಕ್ಕಳು ಅಜ್ಜಿಯ ಮನೆಗೆ ಬರುತ್ತಾರೆ. ಅವರ ಚೀಲದಲ್ಲಿ ಏನೇನು ಬರುತ್ತದೆಂಬುದು ಅಜ್ಜಿಗೆ ಗೊತ್ತಿರುವುದಿಲ್ಲ. ಅಂಥ ಮನೆಯೊಂದರ ಜಗಲಿಯಲ್ಲಿ ಒಂದು ಬೆಳಿಗ್ಗೆ, ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿ ಬಣ್ಣದ, ಅಂಗೈ ಅಗಲದ ಪರದೆಯ ಯಂತ್ರವೊಂದು ಹೊರಬಂತು.

“ಎಂಥದೋ ಇದು?” ಎಂದರು ಅಜ್ಜಿ.

“ಆಟದ ಪೆಟ್ಟಿಗೆ ಅಜ್ಜಿ. ನಿಂಟೆಂಡೊ ಅಂತ. ಚಿಕ್ಕ ಮಕ್ಕಳೂ ಆಡ್ತಾರೆ,” ಎಂದ ಹದಿನಾರರ ಮೊಮ್ಮಗ.

ಪರದೆಯ ಮೇಲೆ ಕೆಂಪು ಟೋಪಿ, ದಪ್ಪ ಮೀಸೆಯ ಮಾರಿಯೋ ಕುಪ್ಪಳಿಸುತ್ತಿದ್ದ. ಐದನೆಯ ತರಗತಿಯ ತಮ್ಮ ಚಪ್ಪಾಳೆ ತಟ್ಟುತ್ತಿದ್ದ. ಅಜ್ಜಿ ನಕ್ಕು ಒಳಗೆ ಹೋದರು. ಸಂಜೆ ದೇವರಿಗೆ ದೀಪ ಹಚ್ಚಿ ಮತ್ತೆ ಜಗಲಿಗೆ ಬಂದಾಗ ಅದೇ ಪರದೆಯಲ್ಲಿ ಒಬ್ಬ ಇನ್ನೊಬ್ಬನ ಎದೆ ಸೀಳುತ್ತಿದ್ದ; ರಕ್ತ ಪರದೆಗೇ ಸಿಡಿದಂತಿತ್ತು. ಐದನೆಯ ತರಗತಿಯವ ಕಣ್ಣು ಮಿಟುಕಿಸದೆ ನೋಡುತ್ತಿದ್ದ, ಚಪ್ಪಾಳೆ ಇರಲಿಲ್ಲ.

“ಬೆಳಿಗ್ಗೆ ತೋರಿಸಿದ್ಯಲ್ಲ, ಅದೇ ಪೆಟ್ಟಿಗೆಯೇನೋ ಇದು?”

“ಹೌದಜ್ಜಿ, ಪೆಟ್ಟಿಗೆ ಅದೇ. ಆಟ ಮಾತ್ರ ಬೇರೆ.”

ಹುಡುಗ ಸುಳ್ಳು ಹೇಳಲಿಲ್ಲ. ಅವನ ಆ ಒಂದು ಮಾತಿನೊಳಗೆ ಮೂವತ್ತು ವರ್ಷಕ್ಕೂ ಹೆಚ್ಚಿನ ಕಥೆಯಿದೆ.

ನಿಂಟೆಂಡೊ ಕಂಪನಿ ಹುಟ್ಟಿದ್ದು 1889ರಲ್ಲಿ, ಜಪಾನಿನ ಕ್ಯೋಟೋ ನಗರದಲ್ಲಿ. ಆಗ ಅದು ತಯಾರಿಸುತ್ತಿದ್ದುದು ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು. ಜೂಜಿನ ಅಡ್ಡೆಗಳಲ್ಲೂ ಆ ಎಲೆಗಳಿಗೆ ಬೇಡಿಕೆಯಿತ್ತು. ಮನೆಮಂದಿಯೆಲ್ಲ ಕೂಡಿ ಆಡುವ ಆಟದ ಕಂಪನಿ ಎಂಬ ಹೆಸರು ಬಂದದ್ದು ಸುಮಾರು ನೂರು ವರ್ಷದ ಮೇಲೆ. 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಅದರ ಯಂತ್ರದ ಹೆಸರೇ ‘ಫ್ಯಾಮಿಲಿ ಕಂಪ್ಯೂಟರ್’. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮಿನ ವ್ಯಾಪಾರ ಕುಸಿದಿತ್ತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದು ಜನ ಬೇಸತ್ತಿದ್ದರು. 1985ರಲ್ಲಿ ಅಲ್ಲಿಗೆ ಕಾಲಿಟ್ಟ ನಿಂಟೆಂಡೊ, ತಾನು ಒಪ್ಪಿದ ಆಟಕ್ಕೆ ಮಾತ್ರ ತನ್ನ ಮುದ್ರೆ ಎಂಬ ನಿಯಮ ಮಾಡಿತು. ಅದರ ಅಮೆರಿಕದ ಶಾಖೆ ರಕ್ತ, ಬೆತ್ತಲೆ ಚಿತ್ರ, ಧಾರ್ಮಿಕ ಚಿಹ್ನೆಗಳಿದ್ದ ಆಟಗಳನ್ನು ತಿದ್ದಿಸಿಯೇ ಒಳಗೆ ಬಿಡುತ್ತಿತ್ತು. ತಾಯಂದಿರು ಕಣ್ಣು ಮುಚ್ಚಿ ಕೊಳ್ಳಬಹುದಾದ ಪೆಟ್ಟಿಗೆ ಎಂಬ ಹೆಸರು ಹೀಗೆ ಬಂತು.

ಕರ್ನಾಟಕದ ಪೇಟೆಗಳಿಗೆ ಆ ಯಂತ್ರ ಬಂದದ್ದು ತೊಂಬತ್ತರ ದಶಕದಲ್ಲಿ, ಬಹುಮಟ್ಟಿಗೆ ನಕಲಿನ ರೂಪದಲ್ಲಿ. ಟೀವಿಗೆ ಸಿಕ್ಕಿಸಿ ಆಡುವ ಆ ಯಂತ್ರಕ್ಕೆ ಹಾಕುವ ತುಂಡನ್ನು ಮಕ್ಕಳು ‘ಕ್ಯಾಸೆಟ್’ ಎನ್ನುತ್ತಿದ್ದರು. ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟಗಳಿವೆ ಎಂದು ಮೇಲೆ ಬರೆದಿರುತ್ತಿತ್ತು. ಹಾಕಿ ನೋಡಿದರೆ ಅದದೇ ಆಟ ಹೆಸರು ಬದಲಿಸಿ ಬರುತ್ತಿತ್ತು. ಇಂದು ನಲವತ್ತು ದಾಟಿದ ಅನೇಕ ತಂದೆಯರು ಮಾರಿಯೋ, ಕಾಂಟ್ರಾ, ಡಕ್ ಹಂಟ್ ಆಡಿಯೇ ಬೆಳೆದವರು. ಕಾಂಟ್ರಾದಲ್ಲಿ ಆರಂಭದಿಂದ ಕೊನೆಯವರೆಗೆ ಗುಂಡು ಹಾರಿಸುವುದೇ ಕೆಲಸ. ಡಕ್ ಹಂಟ್‌ನಲ್ಲಿ ಪ್ಲಾಸ್ಟಿಕ್ ಬಂದೂಕು ಹಿಡಿದು ಟೀವಿಯೊಳಗಿನ ಬಾತುಕೋಳಿಗಳನ್ನು ಹೊಡೆಯಬೇಕು. ಆಗ ಯಾರೂ ಹೆದರಲಿಲ್ಲ. ಚಿತ್ರಗಳು ಒರಟು ಚೌಕಳಿಗಳಾಗಿದ್ದವು, ರಕ್ತ ಕಾಣುತ್ತಿರಲಿಲ್ಲ.

ಆ ಬಂದೂಕಿನ ವಿಜ್ಞಾನ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಬಂದೂಕಿನಿಂದ ಬೆಳಕು ಹೊರಟು ಟೀವಿಗೆ ತಾಗುತ್ತದೆ ಎಂದು ಬಹುತೇಕರು ತಿಳಿದಿದ್ದರು. ನಡೆಯುತ್ತಿದ್ದುದು ಇದಕ್ಕೆ ತದ್ವಿರುದ್ಧ. ಕುದುರೆ ಎಳೆದ ಕೂಡಲೇ ಕ್ಷಣಾರ್ಧ ಪರದೆ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತಿತ್ತು. ಬಂದೂಕಿನ ನಳಿಗೆಯೊಳಗಿದ್ದ ಬೆಳಕು ಗ್ರಹಿಸುವ ಬಿಡಿಭಾಗ ಆ ಬಿಳುಪನ್ನು ಕಂಡರೆ ಗುರಿ ತಾಗಿತು, ಕಾಣದಿದ್ದರೆ ತಪ್ಪಿತು. ಬಂದೂಕೆಂದು ಕಂಡದ್ದು ವಾಸ್ತವವಾಗಿ ಒಂದು ಕಣ್ಣು! ಅಮೆರಿಕದಲ್ಲಿ ಬೂದು ಬಣ್ಣದಲ್ಲಿ ಮಾರಾಟವಾಗುತ್ತಿದ್ದ ಈ ಬಂದೂಕನ್ನು ಮುಂದೆ ಕಿತ್ತಳೆ ಬಣ್ಣಕ್ಕೆ ಬದಲಿಸಿದರು. ಆಟಿಕೆಯ ಬಂದೂಕನ್ನು ನಿಜವಾದದ್ದೆಂದು ಯಾರೂ ತಪ್ಪು ತಿಳಿಯಬಾರದೆಂಬುದು ಅಂಥ ಬಣ್ಣದ ಉದ್ದೇಶ. ಬಣ್ಣ ಬದಲಿಸಿ ವಸ್ತುವಿನ ನಿಜ ತಿಳಿಸುವುದು ಒಂದು ಬಗೆ. ಬಣ್ಣ ಬದಲಿಸಿ ನಿಜ ಮರೆಮಾಚುವುದು ಇನ್ನೊಂದು ಬಗೆ. ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಸಿಕ್ಕಿದ್ದು 1993ರಲ್ಲಿ.

ಆ ವರ್ಷದ ಸೆಪ್ಟೆಂಬರ್ 13ರಂದು ‘ಮಾರ್ಟಲ್ ಕಾಂಬ್ಯಾಟ್’ ಎಂಬ ಹೊಡೆದಾಟದ ಆಟ ಮನೆಯ ಯಂತ್ರಗಳಿಗೆ ಬಂತು. ಗೆದ್ದವನು ಸೋತವನನ್ನು ಭೀಕರವಾಗಿ ಕೊಲ್ಲುವುದೇ ಅದರ ಹೆಸರುವಾಸಿ ಅಂಶ. ನಿಂಟೆಂಡೊ ತನ್ನ ನಿಯಮ ಬಿಡಲಿಲ್ಲ. ಅದರ ಯಂತ್ರದಲ್ಲಿ ಪೆಟ್ಟು ಬಿದ್ದವನ ಮೈಯಿಂದ ಚಿಮ್ಮುತ್ತಿದ್ದ ಕೆಂಪು ಹನಿಗಳು ಬೂದು ಬಣ್ಣ ಪಡೆದವು: ಅದು ರಕ್ತವಲ್ಲ, ಬೆವರು! ಕೊಲ್ಲುವ ದೃಶ್ಯಗಳನ್ನೂ ಮೃದು ಮಾಡಲಾಯಿತು. ಪ್ರತಿಸ್ಪರ್ಧಿ ಸೆಗಾ ಕಂಪನಿಯ ಯಂತ್ರದಲ್ಲಿ ಕೆಲವು ಗುಂಡಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಕೆಂಪು ರಕ್ತ ಬರುತ್ತಿತ್ತು. ಮಾರಾಟದಲ್ಲಿ ಗೆದ್ದದ್ದು ರಕ್ತವೇ.

1993ರ ಡಿಸೆಂಬರ್ 9ರಂದು ಈ ವಿಷಯ ಅಮೆರಿಕದ ಸಂಸತ್ತಿನ ಮುಂದೆ ಬಂತು. ಜೋಸೆಫ್ ಲೀಬರ್ಮನ್ ಮತ್ತು ಹರ್ಬ್ ಕೋಲ್ ಎಂಬ ಸೆನೆಟರುಗಳು ನಡೆಸಿದ ವಿಚಾರಣೆಯಲ್ಲಿ ಎರಡೂ ಕಂಪನಿಗಳ ಪ್ರತಿನಿಧಿಗಳು ಪರಸ್ಪರ ಬೆರಳು ತೋರಿಸಿದರು. ‘ನೈಟ್ ಟ್ರ್ಯಾಪ್’ ಎಂಬ ಇನ್ನೊಂದು ವಿವಾದದ ಆಟ ತಮ್ಮ ಯಂತ್ರದಲ್ಲಿ ಎಂದೂ ಬರುವುದಿಲ್ಲ ಎಂದು ನಿಂಟೆಂಡೊದ ಹೊವಾರ್ಡ್ ಲಿಂಕನ್ ಹೇಳಿದರು. ಸರ್ಕಾರ ಕಾನೂನು ಮಾಡುವ ಮೊದಲೇ ಉದ್ಯಮದವರು ತಾವಾಗಿ 1994ರಲ್ಲಿ ಒಂದು ಮಂಡಳಿ ರಚಿಸಿ, ಆಟಗಳಿಗೆ ವಯಸ್ಸಿನ ಗುರುತು ಕೊಡಲು ಶುರು ಮಾಡಿದರು. ಹದಿಮೂರು ದಾಟಿದವರಿಗೆ ‘ಟಿ’, ಹದಿನೇಳು ದಾಟಿದವರಿಗೆ ‘ಎಂ’, ಹೀಗೆ. ಯುರೋಪಿನಲ್ಲಿ 2003ರಿಂದ 3, 7, 12, 16, 18 ಎಂದು ನೇರವಾಗಿ ಅಂಕಿಯನ್ನೇ ಮುದ್ರಿಸುತ್ತಾರೆ. ಸಿನಿಮಾಕ್ಕೆ ಯು, ಯುಎ, ಎ ಎಂದು ಪ್ರಮಾಣಪತ್ರ ಕೊಟ್ಟಂತೆಯೇ ಇದು. ನಮ್ಮ ದೇಶದಲ್ಲೂ 2024ರಿಂದ ಯುಎ ಗುರುತನ್ನು 7, 13, 16 ಎಂದು ಮೂರಾಗಿ ಒಡೆದಿದ್ದಾರೆ.

ಗುರುತು ಬಂದ ಮೇಲೆ ಏನಾಯಿತು? ಅದೇ 1994ರ ಸೆಪ್ಟೆಂಬರಿನಲ್ಲಿ ಬಂದ ಆ ಹೊಡೆದಾಟದ ಎರಡನೆಯ ಭಾಗದಲ್ಲಿ ನಿಂಟೆಂಡೊದ ಯಂತ್ರದಲ್ಲೂ ರಕ್ತ ಕೆಂಪಾಗಿಯೇ ಹರಿಯಿತು. ಜಪಾನಿನ ಆವೃತ್ತಿಯಲ್ಲಿ ಮಾತ್ರ ರಕ್ತಕ್ಕೆ ಹಸಿರು ಬಣ್ಣ ಬಳಿದಿದ್ದರು. 2001ರಲ್ಲಿ ಅದರ ಯಂತ್ರಕ್ಕೆ ಮುದ್ದು ಮುಖದ ಅಳಿಲೊಂದರ ಆಟ ಬಂತು. ಅಳಿಲಿನ ಮುಖ ನೋಡಿದರೆ ಅಂಗನವಾಡಿ ಮಕ್ಕಳಿಗೂ ಕೊಡಬಹುದು ಎನಿಸಬೇಕು. ಒಳಗೆ ಕುಡಿತ, ಹೊಲಸು ಮಾತು, ರಕ್ತಪಾತ. ಗುರುತು ‘ಎಂ’. ಮರುವರ್ಷ, 2002ರಲ್ಲಿ, ಕಂಪನಿ ತಾನೇ ಪ್ರಕಾಶಕನಾಗಿ ‘ಎಂ’ ಗುರುತಿನ ಆಟವನ್ನು ಹೊರತಂದಿತು. 2017ರಲ್ಲಿ ಬಂದ ಕೆಂಪು-ನೀಲಿ ಬಣ್ಣದ ‘ಸ್ವಿಚ್’ ಯಂತ್ರಕ್ಕೆ 2019ರಲ್ಲಿ ಮಾರ್ಟಲ್ ಕಾಂಬ್ಯಾಟಿನ ಹನ್ನೊಂದನೆಯ ಭಾಗ ಯಾವ ಬೂದು ಬೆವರೂ ಇಲ್ಲದೆ ಬಂತು. ಎಂದೂ ಬರುವುದಿಲ್ಲ ಎಂದಿದ್ದ ನೈಟ್ ಟ್ರ್ಯಾಪ್ ಕೂಡ 2018ರಲ್ಲಿ ಅದೇ ಯಂತ್ರಕ್ಕೆ ಬಂದುಬಿಟ್ಟಿತ್ತು.

ಕಂಪನಿ ಮೋಸ ಮಾಡಿತು ಎಂದು ಇದರ ಅರ್ಥವಲ್ಲ. ಆಟದ ಮೇಲೆ ಗುರುತಿದೆ. ವಯಸ್ಸು ಮೀರಿದ ಆಟಕ್ಕೆ ಬೀಗ ಹಾಕುವ, ದಿನಕ್ಕಿಷ್ಟೇ ಹೊತ್ತು ಎಂದು ಮಿತಿ ಹಾಕುವ ಸೌಲಭ್ಯವನ್ನು ಪಾಲಕರ ಕೈಗೇ ಕೊಟ್ಟಿದೆ. ದೊಡ್ಡವರಿಗೆ ದೊಡ್ಡವರ ಆಟ ಇರುವುದು ತಪ್ಪೂ ಅಲ್ಲ. ಬದಲಾದದ್ದು ಕಾವಲುಗಾರ. 1993ರವರೆಗೆ ಬಾಗಿಲಲ್ಲಿ ಕಂಪನಿ ನಿಂತಿತ್ತು. 1994ರ ನಂತರ ಆ ಜಾಗದಲ್ಲಿ ಒಂದು ಅಕ್ಷರವನ್ನು ಬರೆದಿಟ್ಟು, ನೋಡಿಕೊಳ್ಳುವ ಕೆಲಸವನ್ನು ಮನೆಯವರಿಗೆ ಒಪ್ಪಿಸಲಾಯಿತು. ಆದರೆ ಮನೆಯವರ ತಲೆಯಲ್ಲಿ ಉಳಿದದ್ದು ಹಳೆಯ ಹೆಸರು. ಅಂಜನಾಪುರದ ಜಲಾಶಯದಲ್ಲಿ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ ಇದ್ದರೆ ಸಾಕೇ? ಪಟ್ಟಿ ತಾನಾಗಿ ತೂಬು ಎತ್ತುವುದಿಲ್ಲ. ಅದನ್ನು ನೋಡಿ ಏನು ಮಾಡಬೇಕೆಂದು ತಿಳಿದ ಮನುಷ್ಯ ಬೇಕು.

ಹಳ್ಳಿಯ ಮಾತಿಗೆ ಬಂದರೆ, ಇಲ್ಲಿ ಆಟ ಬರುವುದು ದುಬಾರಿ ಪೆಟ್ಟಿಗೆಯಲ್ಲಿ ಅಲ್ಲ, ಅಪ್ಪನ ಮೊಬೈಲಿನಲ್ಲಿ. 2020ರ ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ಫೋನು ಕೊಂಡ ಮನೆಗಳೆಷ್ಟೋ. ಪಾಠ ಶಾಲೆಗೆ ಮರಳಿತು, ಫೋನು ಮಕ್ಕಳ ಕೈಯಲ್ಲೇ ಉಳಿಯಿತು. 2019ರ ಜನವರಿಯಲ್ಲಿ ‘ಪರೀಕ್ಷಾ ಪೇ ಚರ್ಚಾ’ ಕಾರ್ಯಕ್ರಮದಲ್ಲಿ ತಾಯಿಯೊಬ್ಬರು ಮಗನ ಆನ್‌ಲೈನ್ ಆಟದ ಚಿಂತೆ ಹೇಳಿಕೊಂಡಾಗ, ಅವನು ಪಬ್‌ಜಿಯವನೇ ಎಂದು ಪ್ರಧಾನಿ ನರೇಂದ್ರ ಮೋದಿ ಕೇಳಿದ್ದರು. ಸಭೆಯಲ್ಲಿದ್ದ ಮಕ್ಕಳು ಗೊಳ್ಳೆಂದು ನಕ್ಕಿದ್ದರು. ಆ ಆಟದ ಹೆಸರು ಅಷ್ಟು ಮನೆಮಾತಾಗಿತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಆದರೆ ಕಾರಣ ಹೊಡೆದಾಟವಲ್ಲ, ದೇಶದ ಭದ್ರತೆ ಮತ್ತು ಜನರ ಮಾಹಿತಿಯ ಸುರಕ್ಷೆ.

2021ರ ಜುಲೈನಲ್ಲಿ ಅದೇ ಆಟ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಮರಳಿತು. ಈ ಬಾರಿ ಭಾರತಕ್ಕೆಂದೇ ಕೆಲವು ಬದಲಾವಣೆಗಳಿದ್ದವು. ಗುಂಡು ತಾಗಿದಾಗ ಚಿಮ್ಮುವ ರಕ್ತದ ಬಣ್ಣ ಹಸಿರು! ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರೇ ಗಂಟೆ. ಅಂಥವರು ತಂದೆ-ತಾಯಿಯ ಫೋನ್ ನಂಬರು ಕೊಟ್ಟು ಒಪ್ಪಿಗೆ ಪಡೆಯಬೇಕು. 2022ರ ಜುಲೈನಲ್ಲಿ ಮತ್ತೆ ತಡೆ ಬಿದ್ದು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು.

ಅಮೆರಿಕದ ಬೂದು ಬೆವರಿಗೂ ಭಾರತದ ಹಸಿರು ರಕ್ತಕ್ಕೂ ಇಪ್ಪತ್ತೆಂಟು ವರ್ಷದ ಅಂತರವಿದ್ದರೂ ತಂತ್ರ ಒಂದೇ. ಹಸಿರಾದ ಮಾತ್ರಕ್ಕೆ ಗುಂಡು ಹೂವಾಗುವುದಿಲ್ಲ. ಒಪ್ಪಿಗೆಯ ಕಥೆ ಇನ್ನೂ ಸ್ವಾರಸ್ಯಕರ. ಹಳ್ಳಿಯ ಮನೆಯಲ್ಲಿ ಇರುವುದೇ ಒಂದು ಫೋನು. ಒಪ್ಪಿಗೆ ಕೇಳುವ ಸಂದೇಶ ಬರುವುದು ಅದಕ್ಕೇ. ಅಪ್ಪ ತೋಟದಲ್ಲಿ ಅಡಿಕೆ ಗೊನೆ ಇಳಿಸುತ್ತಿರುವಾಗ ಅಪ್ಪನ ಒಪ್ಪಿಗೆಯನ್ನು ಮಗನೇ ಕೊಟ್ಟುಕೊಳ್ಳುತ್ತಾನೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು. ಮನೆಯ ಜಗಲಿಯ ಮೇಲೆ ಹತ್ತು ವರ್ಷದವನು ಏನು ನೋಡುತ್ತಿದ್ದಾನೆ ಎಂದು ಬಂದು ಇಣುಕುವುದು ಯಾವ ಕಾಯ್ದೆಯ ಕೈಯಲ್ಲೂ ಆಗದ ಕೆಲಸ.

ಇಷ್ಟಕ್ಕೂ ಇಂಥ ಆಟಗಳು ಮಕ್ಕಳನ್ನು ಕೆಡಿಸುತ್ತವೆಯೇ? ಇಲ್ಲಿ ಗಾಬರಿಗಿಂತ ವಿಜ್ಞಾನದ ಮಾತು ಕೇಳುವುದು ಒಳಿತು. ಬ್ರಿಟನ್ನಿನಲ್ಲಿ 14-15 ವಯಸ್ಸಿನ ಸುಮಾರು ಸಾವಿರ ಮಕ್ಕಳ ಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ, ಹಿಂಸೆಯ ಆಟ ಆಡುವುದಕ್ಕೂ ಮಕ್ಕಳ ಆಕ್ರಮಣಶೀಲತೆಗೂ ನಂಟು ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಇನ್ನೂ ನಾಜೂಕಾದ ಮಾತು: ಕೂಗಾಟ, ತಳ್ಳಾಟಗಳಂಥ ವರ್ತನೆಯೊಂದಿಗೆ ಸಣ್ಣ ನಂಟಿದೆ, ಆದರೆ ಆಟದಿಂದಲೇ ನಿಜವಾದ ಹಿಂಸಾಚಾರ ಹುಟ್ಟುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ. ಆದ್ದರಿಂದ ಆಟ ಆಡಿದವನೆಲ್ಲ ಕತ್ತಿ ಹಿಡಿಯುತ್ತಾನೆಂಬ ಭಯ ಬೇಡ. ಚಿಂತೆ ಬೇರೆ ಕಡೆಯಿದೆ. ಆಟ ನಿಲ್ಲಿಸಲಾಗದ, ಊಟ-ನಿದ್ದೆ-ಓದಿಗಿಂತ ಅದೇ ಮುಖ್ಯವಾಗುವ, ಹಾನಿ ಕಂಡರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಸೇರಿಸಿದ್ದು 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿ 2014ರಲ್ಲೇ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ಇನ್ನೊಂದು ಚಿಂತೆ ಸಣ್ಣ ಮಕ್ಕಳದು. ಹದಿನಾರರವನಿಗೆ ತಮಾಷೆಯಾಗಿ ಕಾಣುವ ದೃಶ್ಯ ಹತ್ತರವನನ್ನು ರಾತ್ರಿ ನಿದ್ದೆಯಿಂದ ಎಬ್ಬಿಸಬಹುದು. ಅದನ್ನು ಅವನು ಯಾರಿಗೂ ಹೇಳದೆಯೂ ಇರಬಹುದು.

ಕಥೆಯಲ್ಲಿನ ಕ್ರೌರ್ಯ ನಮ್ಮ ಜನಕ್ಕೆ ಹೊಸದಲ್ಲ. ದೊಡ್ಡಾಟದಲ್ಲಿ, ಯಕ್ಷಗಾನದಲ್ಲಿ ಭೀಮ ದುಶ್ಯಾಸನನ ಎದೆ ಸೀಳಿ ಕರುಳು ಎಳೆಯುವುದನ್ನು ತಲೆತಲಾಂತರದಿಂದ ಮಕ್ಕಳು ಕಣ್ಣರಳಿಸಿ ನೋಡಿದ್ದಾರೆ. ಆದರೆ ನೋಡಿದ್ದು ಅಜ್ಜನ ಮಗ್ಗುಲಲ್ಲಿ ಕಂಬಳಿ ಹೊದ್ದು. ಹೆದರಿದರೆ ಮುಖ ಮುಚ್ಚಿಕೊಳ್ಳಲು ಆ ಕಂಬಳಿಯಿತ್ತು. ಏಕೆ ಕೊಂದ ಎಂದು ಕೇಳಿದರೆ ದ್ರೌಪದಿಯ ಮುಡಿಯ ಕಥೆ ಹೇಳಲು ಅಜ್ಜನಿದ್ದ. ಶಿಕಾರಿಪುರ, ಸೊರಬದ ಕಡೆಯ ಹೋರಿ ಬೆದರಿಸುವ ಹಬ್ಬದಲ್ಲಿ ನಿಜವಾದ ಅಪಾಯವೇ ಇದೆ. ಜನ ಗಾಯಗೊಂಡದ್ದೂ ಸತ್ತದ್ದೂ ಉಂಟು. ಆದರೆ ಅದು ಊರೆಲ್ಲ ನೋಡುವ ಅಪಾಯ. ಚಿಕ್ಕವರನ್ನು ಕೈ ಹಿಡಿದು ಬೇಲಿಯಾಚೆ ನಿಲ್ಲಿಸುವ ದೊಡ್ಡವರು ಅಲ್ಲಿರುತ್ತಾರೆ. ಮೊಬೈಲಿನ ಆಟದಲ್ಲಿ ಬೇಲಿ ಎಂದರೆ ಮೂಲೆಯಲ್ಲಿರುವ ಆ ಸಣ್ಣ ಅಂಕಿ ಮಾತ್ರ. ಮಗುವಿನ ಮಗ್ಗುಲು ಖಾಲಿ.

ಹಾಗಾದರೆ ಮಾಡಬೇಕಾದುದೇನು? ಫೋನು ಕಿತ್ತು ಪೆಟ್ಟಿಗೆಯಲ್ಲಿ ಬೀಗ ಹಾಕಿದರೆ ಹುಡುಗ ಗೆಳೆಯನ ಮನೆಯಲ್ಲಿ ಆಡುತ್ತಾನೆ. ಅದಕ್ಕಿಂತ ಅಂಕಿ ಓದುವುದು ಸುಲಭ. ಮೊಬೈಲಿನ ಅಂಗಡಿಯಲ್ಲಿ ಪ್ರತಿ ಆಟದ ಹೆಸರಿನ ಕೆಳಗೆ 3, 7, 12, 16, 18 ಎಂಬಂತೆ ವಯಸ್ಸಿನ ಗುರುತಿರುತ್ತದೆ. ಅಂಕಿ ನೋಡಲು ಇಂಗ್ಲಿಷ್ ಓದಲು ಬರಬೇಕೆಂದಿಲ್ಲ. ಅದು ಆಟ ಎಷ್ಟು ಕಷ್ಟ ಎಂಬುದನ್ನು ಹೇಳುವುದಿಲ್ಲ, ಒಳಗಿನ ದೃಶ್ಯ-ಮಾತು ಯಾವ ವಯಸ್ಸಿಗೆ ತಕ್ಕದ್ದು ಎಂಬುದನ್ನು ಹೇಳುತ್ತದೆ. ಕಂಪನಿಯ ಹೆಸರು, ಗೊಂಬೆಯ ನಗು, ರಕ್ತದ ಬಣ್ಣ ಇವು ಮೂರನ್ನೂ ಬದಿಗಿಟ್ಟು ಅಂಕಿ ನೋಡಬೇಕು. ಆಮೇಲೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಮಗುವಿನ ಪಕ್ಕ ಕುಳಿತು, “ನನಗೂ ಒಂದ್ಸಲ ಹೇಳಿಕೊಡೋ” ಎಂದು ಕೇಳಬೇಕು. ಅಪ್ಪ ಆಟದಲ್ಲಿ ಎರಡೇ ನಿಮಿಷಕ್ಕೆ ಸಾಯುತ್ತಾನೆ, ಮಗ ನಗುತ್ತಾನೆ. ಆ ನಗುವಿನ ನಡುವೆ ಕೇಳಿದ ಪ್ರಶ್ನೆಗೆ, ಗದರಿಸಿ ಕೇಳಿದರೆ ಸಿಗದ ಉತ್ತರ ಸಿಗುತ್ತದೆ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಆ ಅಂಕಿಯ ಅರ್ಥ ಗೊತ್ತಿರುವುದು ಅಪ್ಪನಿಗಲ್ಲ, ಅಮ್ಮನಿಗಲ್ಲ. ಒಂಬತ್ತನೆಯ, ಹತ್ತನೆಯ ತರಗತಿಯ ಅಣ್ಣನಿಗೆ, ಅಕ್ಕನಿಗೆ. ‘ಚಿಕ್ಕ ಮಕ್ಕಳೂ ಆಡ್ತಾರೆ’ ಎಂಬ ಅವರ ಒಂದು ಮಾತನ್ನು ಮನೆಯವರೆಲ್ಲ ನಂಬುತ್ತಾರೆ. ಅವರು ಆಡುವ ಆಟ ಅವರ ವಯಸ್ಸಿಗೆ ತಕ್ಕದ್ದೇ ಇದ್ದರೂ, ತಮ್ಮ ಪಕ್ಕದಲ್ಲಿ ಬಂದು ಕುಳಿತ ಕೂಡಲೇ ಆ ಆಟ ಇಬ್ಬರದಾಗುತ್ತದೆ. ಆಗ ಆಟ ಬದಲಿಸಿ ಮಾರಿಯೋ ಹಾಕಲು ಎರಡು ನಿಮಿಷವೂ ಬೇಡ. ಇಲ್ಲವೇ ಯಂತ್ರವನ್ನು ಮುಚ್ಚಿಟ್ಟು, ಏರಿಯ ಕಡೆ ಹೋಗಿ ಬರೋಣ ಬಾ ಎಂದು ತಮ್ಮನನ್ನು ಎಬ್ಬಿಸಿಕೊಂಡು ಹೊರಟರೂ ಆದೀತು.